ಹೊಗೆ ಕೋಣೆಯಲ್ಲಿ ಎದ್ದು ನಿಂತವನು

ಅವನು ತೀರಿಕೊಂಡ ಸುದ್ದಿಯನ್ನು ನನಗೆ ಫೋನಿನಲ್ಲಿ ಹೇಳಿದವರು ನಮ್ಮಿಬ್ಬರಿಗೂ ಬೆಂಕಿ ಆರಿಸುವ ತರಬೇತಿ ಕೊಟ್ಟ ಸರ್. ಜೋಯಿಡಾ ಕಡೆಯ ಕಾಡಿನಲ್ಲಿ ನೆಲಬೆಂಕಿ ಆರಿಸಿ ಮುಗಿಸಿ ಎಲ್ಲರೂ ನೀರು ಕುಡಿಯಲು ಕೂತಿದ್ದರಂತೆ. ಬುಡ ಸುಟ್ಟುಹೋಗಿದ್ದ ಒಂದು ಒಣಮರ ಬಿತ್ತಂತೆ. ಉಳಿದವರು ಎದ್ದು ಆಚೆ ಹಾರಿದರು. ಅವನಿಗೆ ಆಗಲಿಲ್ಲ.   ಫೋನ್ ಇಡುವ ಮೊದಲು ಸರ್, "ಗಾಳಿ ಇರಲಿಲ್ಲಂತ" ಎಂದು ಸೇರಿಸಿದರು. ಆ ಮಾತನ್ನು ಅವರು ಯಾಕೆ ಹೇಳಿದರೆಂದು ನನಗೆ ಅರ್ಥವಾಯಿತು. ಬೇರೆಯವರಿಗೆ ಅರ್ಥವಾಗಬೇಕಾದರೆ ಅವನು ಎಂಥವನೆಂದು ಹೇಳಬೇಕು. ನಾನು ಕಂಡಷ್ಟನ್ನೇ ಹೇಳುತ್ತೇನೆ.

ಅವನು ಹಳಿಯಾಳ ತಾಲ್ಲೂಕಿನ ಕಾಡಂಚಿನ ಒಂದು ಊರಿನ ಸಿದ್ದಿ ಸಮುದಾಯದವನು. ಮನೆಯಲ್ಲಿ ಅವರದೇ ಕೊಂಕಣಿ, ಹೊರಗೆ ನಮ್ಮಂತೆಯೇ ಕನ್ನಡ. ನನಗಿಂತ ದೊಡ್ಡವನಾದ್ದರಿಂದ ನಾನು ಅಣ್ಣ ಎನ್ನುತ್ತಿದ್ದೆ, ಅವನು ನನ್ನನ್ನು ತಮ್ಮಾ ಎನ್ನುತ್ತಿದ್ದ. ನನ್ನ ಅಪ್ಪ ಧಾರವಾಡದ ಕಡೆಯಿಂದ ದಾಂಡೇಲಿಗೆ ಮಿಲ್ಲಿನ ಕೆಲಸಕ್ಕೆ ಬಂದವರು. ನಾನು ಅಲ್ಲೇ ಹುಟ್ಟಿ, ಅಲ್ಲಿ ಇಲ್ಲಿ ಗುತ್ತಿಗೆ ಕೆಲಸ ಮಾಡಿಕೊಂಡಿದ್ದೆ. ನಮ್ಮಿಬ್ಬರನ್ನು ಒಂದೇ ಬೆಂಚಿನಲ್ಲಿ ಕೂರಿಸಿದ್ದು ದಾಂಡೇಲಿಯಲ್ಲಿ ಹೊಸದಾಗಿ ಶುರುವಾಗಿದ್ದ ಒಂದು ಸಣ್ಣ ತರಬೇತಿ ಕೇಂದ್ರ. ಬೆಂಕಿ ಆರಿಸುವವರಿಗೆ ಮೊದಲ ಹಂತದ ಸರ್ಟಿಫಿಕೇಟ್ ಕೊಡುತ್ತಿದ್ದರು. ಬರೆಯುವ ಪರೀಕ್ಷೆ ಒಂದು, ಮಾಡಿ ತೋರಿಸುವ ಪರೀಕ್ಷೆ ಇನ್ನೊಂದು. ಎರಡೂ ಪಾಸಾದರೆ ಕಾರ್ಖಾನೆಗಳ ಫೈರ್ ವಿಭಾಗದಲ್ಲಿ ಕೆಲಸ ಸಿಗುವ ದಾರಿಯಿತ್ತು. ಬೆಳಗಾವಿ ಕಡೆಯ ಒಂದು ಕಾರ್ಖಾನೆಯವರು ಹೊಸಬರನ್ನು ಕೇಳಿದ್ದರು. ಕಲಿಸುತ್ತಿದ್ದ ಸರ್ ಸರ್ಕಾರಿ ಅಗ್ನಿಶಾಮಕ ಠಾಣೆಯಲ್ಲಿ ದುಡಿದು ನಿವೃತ್ತರಾದವರು.

ಅವನು ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ವಾಚರ್. ಎಲೆ ಒಣಗಿದ ಮೇಲೆ ಅವನ ಕೆಲಸ ಶುರು, ಮೊದಲ ಮಳೆ ಬಿದ್ದರೆ ಮುಗಿಯಿತು. ಆಮೇಲೆ ಯಾರದೋ ಗದ್ದೆ, ಯಾರದೋ ಕೂಲಿ. ಒಮ್ಮೆ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಮೋಡ ಕಟ್ಟಿದ್ದನ್ನು ನೋಡುತ್ತ ಹೇಳಿದ್ದ: "ಊರ ಮಂದಿ ಎಲ್ಲಾ ಮಳಿ ಬರಲಿ ಅಂತಾರ. ನಾ ಒಬ್ಬಾವ ತಡೀಲಿ ಅಂತೇನಿ. ದೇವ್ರು ಯಾರ ಮಾತ ಕೇಳ್ತಾನ ಹೇಳು." ಅವನಿಗೆ ಬೇಕಾಗಿದ್ದು ವರ್ಷವಿಡೀ ನಡೆಯುವ ಕೆಲಸ. ಅವನ ಹೆಂಡತಿಗೆ ಬೇಕಾಗಿದ್ದು ಅವನು ಕಾಡಿನ ಬೆಂಕಿ ಬಿಡುವುದು. ಆಕೆಯನ್ನು ನಾನು ವೈನಿ ಎನ್ನುತ್ತಿದ್ದೆ. ಪ್ರತಿ ಬೇಸಿಗೆಯಲ್ಲಿ ಅವನು ಕಾಡಿನೊಳಗಿನ ಕ್ಯಾಂಪಿನಲ್ಲಿ ಉಳಿಯುತ್ತಿದ್ದಾಗ ದೂರದಲ್ಲಿ ಹೊಗೆ ಎದ್ದರೆ ವೈನಿ ಅಂಗಳಕ್ಕೆ ಬಂದು ನಿಲ್ಲುತ್ತಿದ್ದಳಂತೆ. ಕಾರ್ಖಾನೆಯಲ್ಲೂ ಬೆಂಕಿಯದೇ ಕೆಲಸವಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಅಲ್ಲಿ ಬೆಂಕಿ ಬೀಳದಿದ್ದರೂ ಸಂಬಳ ಕೊಡುತ್ತಾರಲ್ಲ, ಬೀಳದಿರಲಿ ಅಂತ ಧೈರ್ಯವಾಗಿ ಬೇಡಿಕೊಳ್ಳಬಹುದು ಎಂದಿದ್ದಳು.

ಅವನಿಗೊಂದು ಅಭ್ಯಾಸವಿತ್ತು. ಎಲ್ಲಿಗೆ ಹೋದರೂ ಒಂದು ಕ್ಷಣ ನಿಂತು, ಯಾರೋ ಕರೆದರೇನೋ ಎಂಬಂತೆ ಮುಖವನ್ನು ಸ್ವಲ್ಪ ಓರೆ ಮಾಡಿ ಕಣ್ಣನ್ನು ಅರ್ಧ ಮುಚ್ಚುತ್ತಿದ್ದ. ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ಕೆನ್ನೆಯಿಂದ ನೋಡುವುದು ಅದು. ಚಹಾದಂಗಡಿಯ ಬಾಗಿಲಲ್ಲಿ ಹೀಗೆ ನಿಲ್ಲುತ್ತಿದ್ದ, ಕಾಳಿ ನದಿಯ ಸೇತುವೆಯ ಮೇಲೆ ನಿಲ್ಲುತ್ತಿದ್ದ, ತರಗತಿಗೆ ಬಂದಾಗಲೂ ನಿಲ್ಲುತ್ತಿದ್ದ. ಹುಡುಗರು ನಗುತ್ತಿದ್ದರು. ಅಣ್ಣಾ, ಗಾಳಿ ಮೇಲಿನ ಫ್ಯಾನಿನಿಂದ ಬರುತ್ತಿದೆ ಎಂದು ಒಬ್ಬ ಹೇಳಿದ. ಅವನು ಸಿಟ್ಟಾಗಲಿಲ್ಲ. "ನನಗ ಗೊತ್ತೈತಿ. ಕೆನ್ನಿಗೂ ಗೊತ್ತಾಗಬೇಕಲ್ಲ" ಎಂದು ಹೇಳಿ ಕೂತ.

ಓದಿನಲ್ಲಿ ಅವನು ನಿಧಾನ, ಆದರೆ ಕಲಿತದ್ದು ಬಿಡುತ್ತಿರಲಿಲ್ಲ. ಬೆಂಕಿಯನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಯಾಗಿ ನೆನಪಿಡಬೇಕಿತ್ತು: ಕಟ್ಟಿಗೆ ಕಾಗದದ್ದು, ಎಣ್ಣೆಯದು, ಗ್ಯಾಸಿನದು, ಲೋಹದ್ದು. ನಾನು ಬರೆದು ಬರೆದು ಕಲಿತೆ. ಅವನು ಊರಿನವರಿಗೆ ಹೋಲಿಸಿಕೊಂಡು ಕಲಿತ. ಎ ಕ್ಲಾಸ್ ಅವನ ಪಕ್ಕದ ಮನೆಯವನು, ಬೇಗ ಹತ್ತಿಕೊಳ್ಳುತ್ತಾನೆ, ಒಂದು ಕೊಡ ನೀರು ಸಾಕು. ಬಿ ಕ್ಲಾಸ್ ಅವನ ತಮ್ಮ, ನೀರು ಹಾಕಿದರೆ ಮನೆ ತುಂಬ ಹರಡುತ್ತಾನೆ. "ಸಿ ಕ್ಲಾಸ್ ನಮ್ಮ ಅತ್ತಿ" ಎನ್ನುತ್ತಿದ್ದ. "ಕಣ್ಣಿಗೆ ಕಾಣೂದಿಲ್ಲ. ಮೊದಲ ವಾಸನಿ ಬರ್ತೈತಿ. ವಾಸನಿ ಬಂದಾಗ ಸುಮ್ಮನ ಬಾಗಲಾ ಕಿಟಕಿ ತಗದು ಹೊರಗ ಹೋಗಿಬಿಡಬೇಕು." ಡಿ ಕ್ಲಾಸಿಗೆ ಊರಿನಲ್ಲಿ ಯಾರೂ ಸಿಗಲಿಲ್ಲ, ಹುಬ್ಬಳ್ಳಿಯಲ್ಲಿ ಇರಬಹುದು ಎಂದ. ಬರೆಯುವ ಪರೀಕ್ಷೆಯಲ್ಲಿ ಅವನು ಮೊದಲ ಸಲವೇ ಪಾಸಾದ.

ಓಟದಲ್ಲಿ ಮಾತ್ರ ಎಲ್ಲರಿಗಿಂತ ಹಿಂದೆ. ಸಿದ್ದಿಯೆಂದ ಮೇಲೆ ಓಡಲೇಬೇಕು ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಮೊದಲ ದಿನ ಸರ್ ಕೂಡ ಅದನ್ನೇ ಹೇಳಿ ಹುರಿದುಂಬಿಸಲು ನೋಡಿದರು. ಅವನು ಮೈದಾನದ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತ, "ನಮ್ಮ ಊರಿಗೆ ಬಸ್ ಒಂದ ಐತ್ರಿ ಸರ. ಓಡಿದವ್ರಿಗೆ ಸಿಗ್ತೈತಿ. ನನಗ ಎಂದೂ ಸಿಕ್ಕಿಲ್ಲ" ಎಂದ. ಸರ್ ನಕ್ಕರು. ಮತ್ತೆ ಆ ಮಾತು ಎತ್ತಲಿಲ್ಲ. ಓಟದಲ್ಲೂ ಹೇಗೋ ಕೊನೆಯವನಾಗಿ ದಾಟಿಕೊಂಡ. ಏಣಿ ಹತ್ತುವುದು, ಪೈಪು ಬಿಚ್ಚಿ ಜೋಡಿಸುವುದು, ಹಗ್ಗದ ಗಂಟುಗಳು, ಇವೆಲ್ಲ ಅವನಿಗೆ ಕಷ್ಟವಾಗಲಿಲ್ಲ. ಅವನನ್ನು ಕೆಡವಿದ್ದು ಹೊಗೆ ಕೋಣೆ.

ಕೇಂದ್ರದ ಹಿಂದೆ ಕಿಟಕಿಯಿಲ್ಲದ ಒಂದು ತಗಡಿನ ಶೆಡ್ಡು ಇತ್ತು. ಒಳಗೆ ಅಡ್ಡಗೋಡೆಗಳು. ಡ್ರಮ್ಮಿನಲ್ಲಿ ಒದ್ದೆ ಹುಲ್ಲು ಸುಟ್ಟು ಹೊಗೆ ತುಂಬಿಸುತ್ತಿದ್ದರು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಮೊಣಕಾಲ ಮೇಲೆ ತೆವಳುತ್ತ ಹೋಗಬೇಕು. ಬಲಗೈ ಗೋಡೆಯನ್ನು ಬಿಡಬಾರದು. ಒಳಗೆ ಎಲ್ಲೋ ಮರಳು ತುಂಬಿದ ಗೋಣಿಯ ಬೊಂಬೆ ಬಿದ್ದಿರುತ್ತದೆ, ಅದನ್ನು ಹುಡುಕಿ ಎಳೆದು ತರಬೇಕು. ಹೊರಗೆ ಜೊತೆಗಾರ ಹಗ್ಗದ ಇನ್ನೊಂದು ತುದಿ ಹಿಡಿದಿರುತ್ತಾನೆ. ಅವನು ಒಮ್ಮೆ ಜಗ್ಗಿದರೆ ಹೇಗಿದ್ದೀ ಎಂದು ಕೇಳಿದಂತೆ. ಒಳಗಿನವನು ತಿರುಗಿ ಜಗ್ಗಿದರೆ ಚೆನ್ನಾಗಿದ್ದೇನೆ ಎಂದು ಹೇಳಿದಂತೆ. ಉತ್ತರ ಬರದಿದ್ದರೆ ಎಳೆದು ಹೊರಗೆ ತರಬೇಕು. ಎಳೆಸಿಕೊಂಡು ಬಂದವನು ಫೇಲು. ಅವನ ಹಗ್ಗ ಹಿಡಿಯುವ ಜೊತೆಗಾರ ನಾನು.

ನೆಲಕ್ಕೆ ಹತ್ತಿದಂತೆ ಒಂದು ಗೇಣು ಎತ್ತರದಲ್ಲಿ ಉಸಿರಾಡುವ ಗಾಳಿ ಉಳಿದಿರುತ್ತದೆ. ಅದಕ್ಕೇ ತೆವಳುವುದು. ಅವನಿಗೆ ಇದು ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದೂ ಇದ್ದ. ಆದರೆ ಹೊಗೆ ಮುಖಕ್ಕೆ ಬಡಿದ ಕೂಡಲೇ ಅವನು ಎದ್ದು ನಿಲ್ಲುತ್ತಿದ್ದ. ಓಡುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಹಿಂದಕ್ಕೂ ಬರುತ್ತಿರಲಿಲ್ಲ. ನಟ್ಟ ನಡುವೆ ಕಂಬದಂತೆ ನಿಂತಿರುತ್ತಿದ್ದ. ಮೊದಲ ಸಲ ಹೊರಗೆ ಎಳೆದಾಗ ಸರ್ ಏನು ಮಾಡುತ್ತಿದ್ದೆ ಎಂದು ಕೇಳಿದರು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. "ಗಾಳಿ ಎಲ್ಲಿಂದ ಬರ್ತೈತಿ ನೋಡಾಕತ್ತಿದ್ನಿರಿ" ಎಂದ.

ಹುಡುಗರು ನಕ್ಕರು. ನಾನು ನಗಲಿಲ್ಲ. ಆ ನಿಲ್ಲುವುದನ್ನು ನಾನು ಕಾಡಿನಲ್ಲಿ ನೋಡಿದ್ದೆ. ಅದಕ್ಕೂ ಮುಂಚೆ ಒಂದು ರಜೆಯ ದಿನ ಅವನೊಂದಿಗೆ ಉಳವಿ ರಸ್ತೆಯ ಕಡೆಯ ಅವನ ಕ್ಯಾಂಪಿಗೆ ಹೋಗಿದ್ದೆ. ಸಾಗವಾನಿಯ ಒಣ ಎಲೆಗೆ ಬೆಂಕಿ ಹತ್ತಿ ಮೊಣಕಾಲೆತ್ತರಕ್ಕೆ ಸಾಲಾಗಿ ಬರುತ್ತಿತ್ತು. ನಾನು ಹಸಿ ಟೊಂಗೆ ಹಿಡಿದು ಮುಂದಕ್ಕೆ ನುಗ್ಗಿದೆ. ಹೊಗೆ ಒಮ್ಮೆಲೇ ತಿರುಗಿ ನಮ್ಮಿಬ್ಬರನ್ನೂ ಮುಚ್ಚಿತು. ಏನೂ ಕಾಣಲಿಲ್ಲ. ನಾನು ಹಿಂದಕ್ಕೆ ಓಡಲು ಹೊರಟಾಗ ಅವನು ನನ್ನ ಕಾಲರ್ ಹಿಡಿದ. "ನಿಂದರು. ಮೊದಲ ನಿಂದರು." ಹಿಡಿದ ಕೈ ಬಿಡದೆ ಮುಖ ಓರೆ ಮಾಡಿ ನಿಂತ. ಆಮೇಲೆ ನನ್ನನ್ನು ಎಳೆದುಕೊಂಡು ಹೊರಟ. ನಾಲ್ಕು ಹೆಜ್ಜೆಯಲ್ಲಿ ನಾವು ಹೊಗೆಯ ಆಚೆ, ಸುಟ್ಟು ತಣ್ಣಗಾಗುತ್ತಿದ್ದ ಕಪ್ಪು ನೆಲದ ಮೇಲೆ ಇದ್ದೆವು. ನಾನು ಓಡಲು ಹೊರಟಿದ್ದ ಕಡೆ ಬಿದಿರ ಮೆಳೆ ಧಗಧಗ ಉರಿಯುತ್ತಿತ್ತು. ಇದನ್ನು ಅವನಿಗೆ ಅವನಪ್ಪ ಕಲಿಸಿದ್ದನಂತೆ. "ಹೊಗಿಯೊಳಗ ಓಡಿದವ್ರು ಸತ್ತಾರ. ನಿಂತವ್ರು ಮನಿಗೆ ಬಂದಾರ. ನಮ್ಮ ಮಂದಿಯೊಳಗ ಅಷ್ಟ ಲೆಕ್ಕ" ಎಂದಿದ್ದ.

ಸರ್‌ಗೆ ನಾನು ಇದನ್ನು ಹೇಳಿದೆ. ಅವರು ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಸಮಾಧಾನದಿಂದಲೇ ಹೇಳಿದರು: "ಅದು ಕಾಡು. ಇದು ಖೋಲಿ. ಖೋಲಿಯೊಳಗ ಗಾಳಿ ಇರೂದಿಲ್ಲೋ ಮಾರಾಯಾ." ಅವನು ಪೂರ್ತಿ ಒಪ್ಪಿಕೊಂಡ. ಪ್ರತಿ ಸಲವೂ ಪೂರ್ತಿ ಒಪ್ಪಿಕೊಳ್ಳುತ್ತಿದ್ದ. ಪರೀಕ್ಷೆಯಲ್ಲಿ ಮತ್ತೆ ಎದ್ದು ನಿಂತ, ಫೇಲಾದ. ಮುಂದಿನ ಪರೀಕ್ಷೆಯಲ್ಲೂ ಹಾಗೆಯೇ ಆಯಿತು. ನನಗೆ ಹೇಳುತ್ತಿದ್ದ, ತಲೆ ತೆವಳು ಎನ್ನುತ್ತದೆ, ಮೈ ತಾನಾಗಿ ಏಳುತ್ತದೆ, ಯಾರು ಎಬ್ಬಿಸುತ್ತಾರೋ ಗೊತ್ತಾಗುವುದಿಲ್ಲ ಎಂದು. ನಾನು ಪಾಸಾಗಿದ್ದೆ. ಬೆಳಗಾವಿಯ ಕಾರ್ಖಾನೆಯವರು ಇನ್ನೊಬ್ಬರಿಗೆ ಜಾಗ ಉಳಿಸಿಕೊಂಡಿದ್ದರು. ಕೇಂದ್ರದ ನಿಯಮದಂತೆ ಅವನಿಗೆ ಉಳಿದದ್ದು ಇನ್ನೊಂದೇ ಪರೀಕ್ಷೆ. ಅದರ ಮುಂದಿನದಕ್ಕೆ ಕೂರಲು ಅವನ ವಯಸ್ಸು ಮೀರುತ್ತಿತ್ತು.

ಆ ಪರೀಕ್ಷೆಗೆ ನಾವು ಅವನ ಊರಿನಲ್ಲಿ ತಯಾರಿ ನಡೆಸಿದೆವು. ಪಕ್ಕದ ಮನೆಯ ಕೊಟ್ಟಿಗೆ ಕೇಳಿ ಪಡೆದು, ಆಕಳನ್ನು ಹೊರಗೆ ಕಟ್ಟಿ, ಸಂದುಗಳಿಗೆ ಗೋಣಿ ತುರುಕಿ, ಒದ್ದೆ ಹುಲ್ಲಿಗೆ ಬೆಂಕಿ ಕೊಟ್ಟೆವು. ಹೊಗೆ ಹಂಚಿನ ಸಂದಿನಿಂದ ಎದ್ದದ್ದೇ ತಡ, ಊರಿಗೆ ಊರೇ ಕೊಡಪಾನ ಹಿಡಿದು ಬಂತು. ತಡೆಯುವಷ್ಟರಲ್ಲಿ ಅವನ ಅತ್ತೆ ಒಂದು ಕೊಡ ನೀರನ್ನು ಬಾಗಿಲಲ್ಲಿ ಹಗ್ಗ ಹಿಡಿದು ಕೂತಿದ್ದ ನನ್ನ ಮೇಲೆ ಸುರಿದಳು. ವೈನಿ ನಕ್ಕು ನಕ್ಕು ಕಟ್ಟೆಯ ಮೇಲೆ ಕೂತುಬಿಟ್ಟಳು. "ಬೆಂಕಿ ಆರಸೂದು ಕಲೀತೀವಿ ಅಂತ ಮಂದಿ ಕೊಟಗಿ ಸುಡಾಕ ಹೊಂಟಾರ." ಒಳಗೆ ಅವನು ಎದ್ದು ನಿಂತಿದ್ದ.

ಉಪಾಯ ಕಂಡುಹಿಡಿದದ್ದೂ ವೈನಿಯೇ. ಒಂದು ತುಂಡು ಹಗ್ಗದಿಂದ ಅವನ ಕೊರಳ ಹತ್ತಿರದ ಅಂಗಿಯನ್ನು ಮೊಣಕಾಲಿಗೆ ಗಿಡ್ಡವಾಗಿ ಕಟ್ಟಿದಳು, ತುಡುಗು ಮಾಡುವ ದನಕ್ಕೆ ಕಟ್ಟುವ ಹಾಗೆ. ಏಳಲು ಹೋದರೆ ಅಂಗಿ ಜಗ್ಗಬೇಕು. ಅವನು ಹೋದ. ಹಗ್ಗ ನನ್ನ ಕೈಯಿಂದ ಸರಸರನೆ ಒಳಗೆ ಹರಿಯಿತು. ನಾನು ಜಗ್ಗಿದರೆ ಉತ್ತರ ಬಂತು. ಕೊನೆಗೆ ಮೈಯೆಲ್ಲ ಸಗಣಿ ಮಾಡಿಕೊಂಡು ಬೊಂಬೆಯ ಬದಲು ಇಟ್ಟಿದ್ದ ಭತ್ತದ ಹೊಟ್ಟಿನ ಮೂಟೆಯನ್ನು ತಬ್ಬಿಕೊಂಡು ಹೊರಬಿದ್ದಾಗ ಕೊಡ ಹಿಡಿದು ನಿಂತ ಜನ ಚಪ್ಪಾಳೆ ತಟ್ಟಿದರು. ಅವನು ಕೆಮ್ಮುತ್ತ ಮೂಟೆಯನ್ನು ಅತ್ತೆಯ ಕಾಲ ಬಳಿ ಮಲಗಿಸಿ, ಜೀವ ಐತಿ ನೋಡಿರಿ ಎಂದ.

ಪರೀಕ್ಷೆಯಲ್ಲಿ ಹಾಗೆ ಕಟ್ಟಿಕೊಳ್ಳಬಹುದೇ ಎಂದು ನಾನು ಸರ್ ಹತ್ತಿರ ಕೇಳಿದೆ. ಆಗುವುದಿಲ್ಲ ಎಂದರು. ನಿಜವಾದ ಬೆಂಕಿಯಲ್ಲಿ ಕಾಲು ಕಟ್ಟಿಕೊಂಡವನನ್ನು ಯಾರು ಒಳಗೆ ಬಿಡುತ್ತಾರೆ ಎಂದರು. ಅವರ ಮಾತು ಸರಿಯಾಗಿತ್ತು. ಆಮೇಲೆ ನಾವು ಕಟ್ಟು ಬಿಚ್ಚಿ ಅಭ್ಯಾಸ ಮಾಡಿದೆವು. ಒಮ್ಮೆ ಪೂರ್ತಿ ತೆವಳುತ್ತಿದ್ದ, ಒಮ್ಮೆ ಅರ್ಧಕ್ಕೆ ಎದ್ದು ಮತ್ತೆ ಕೂರುತ್ತಿದ್ದ. ಮೊದಲಿನಂತೆ ನಿಂತೇಬಿಡುವುದು ಕಡಿಮೆಯಾಗುತ್ತ ಬಂದಿತ್ತು. ಇನ್ನಷ್ಟು ದಿನ ಸಿಕ್ಕಿದ್ದರೆ ಎಂದು ಈಗ ಅನಿಸುತ್ತದೆ. ಆಗ ಸಾಕು ಎಂದೇ ಅನಿಸಿತ್ತು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಒರಟರಲ್ಲ. ಅವನಿಗೆ ನೀರು ಬೇಕೇ ಎಂದು ಕೇಳಿದರು. ಅವನು ಬೇಡವೆಂದು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಬಾಗಿಲಲ್ಲಿ ಮೊಣಕಾಲೂರಿ ನನ್ನ ಕಡೆ ತಿರುಗಿದ. "ಗಟ್ಟಿ ಹಿಡಿ ತಮ್ಮಾ. ಆದ್ರ ಜಗ್ಗಬ್ಯಾಡ" ಎಂದ. ಒಳಗೆ ಹೋದ.

ಹಗ್ಗ ಹೊಸ್ತಿಲಿಗೆ ಹತ್ತಿಕೊಂಡು ಒಳಗೆ ಸರಿಯಿತು. ಮೊದಲ ಮೂಲೆಯಲ್ಲಿ ತಡೆದು ಮತ್ತೆ ಸರಿಯಿತು. ನಾನು ಜಗ್ಗಿ ಕೇಳಿದೆ, ಉತ್ತರ ಬಂತು. ಸರ್ ನನ್ನ ಹೆಗಲ ಮೇಲೆ ಕೈಯಿಟ್ಟರು. ಇನ್ನೂ ಸ್ವಲ್ಪ ಸರಿದು ಹಗ್ಗ ನಿಂತಿತು. ಆಮೇಲೆ, ಹೊಸ್ತಿಲಿಗೆ ಹತ್ತಿಕೊಂಡಿದ್ದ ಹಗ್ಗ ನಿಧಾನವಾಗಿ ಮೇಲಕ್ಕೆದ್ದಿತು. ಅವನು ಎದ್ದು ನಿಂತನೆಂದು ಹೇಳಲು ಒಳಗೆ ನೋಡಬೇಕಾಗಿರಲಿಲ್ಲ. ಸರ್ ಕೈ ತೆಗೆದರು.

ಪರೀಕ್ಷಕರು ಕೇಳು ಎಂದರು. ನಾನು ಜಗ್ಗಿದೆ. ಉತ್ತರ ಬರಲಿಲ್ಲ. ಮತ್ತೆ ಕೇಳು ಎಂದರು. ಮತ್ತೆ ಜಗ್ಗಿದೆ. ಬರಲಿಲ್ಲ. ಅವರು ನಿಯಮ ಹೇಳುವುದಕ್ಕಿಂತ ಹೆಚ್ಚೇ ಕಾದರು. ಇದನ್ನು ಬರೆಯಲೇಬೇಕು, ಯಾಕೆಂದರೆ ಅದು ನಿಜ. ಬಾಗಿಲಿಂದ ಹೊಗೆ ದಪ್ಪಗೆ ಬರುತ್ತಿತ್ತು. ಒಳಗಿನಿಂದ ಕೆಮ್ಮು ಕೇಳುತ್ತಿರಲಿಲ್ಲ, ಹೆಜ್ಜೆ ಕೇಳುತ್ತಿರಲಿಲ್ಲ. ಆಗ ಹಗ್ಗ ನನ್ನ ಅಂಗೈಯಲ್ಲಿ ಒಂದು ಬೆರಳಿನಷ್ಟು ಜರುಗಿತು. ಜಗ್ಗಿದ್ದಲ್ಲ, ಬರೀ ಜರುಗಿದ್ದು. ನಾನು ತಲೆಯೆತ್ತಿದೆ. ಅದೇ ಹೊತ್ತಿಗೆ ಪರೀಕ್ಷಕರು, "ಸಾಕು, ಎಳೀರಿ" ಎಂದರು. ನಾನು ಮತ್ತು ಸರ್ ಸೇರಿ ಎಳೆದೆವು.

ಹೊರಗೆ ಬಂದವನು ಗೋಡೆಗೆ ಒರಗಿ ಬಹಳ ಹೊತ್ತು ಕೆಮ್ಮಿದ. ಯಾರನ್ನೂ ಬೈಯಲಿಲ್ಲ. ಉಸಿರು ಹಿಡಿತಕ್ಕೆ ಬಂದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದ: "ನೀ ಕೇಳಿದ್ದು ಗೊತ್ತಾತು. ತಿರುಗಿ ಜಗ್ಗಬೇಕು ಅನ್ನೂದೂ ಗೊತ್ತಿತ್ತು. ಆದ್ರ ಆವಾಗ ಕೆನ್ನಿಗೆ ಒಂದೀಟ ತಣ್ಣಗ ತಾಗಿತ್ತು ತಮ್ಮಾ. ಅಳ್ಳಾಡಿದ್ರ ತಪ್ಪಿ ಹೋಗ್ತೈತಿ ಅನಿಸ್ತು." ತಗಡಿನ ಶೆಡ್ಡಿನಲ್ಲಿ ಗಾಳಿ ಬರುವ ಸಂದು ಎಲ್ಲಿಯಾದರೂ ಇತ್ತೇ ಎಂದು ನಾನು ಆಮೇಲೆ ಒಬ್ಬನೇ ಹೋಗಿ ಹುಡುಕಿದೆ. ಮೂಲೆಯಲ್ಲಿ ಮೊಳೆ ಕಿತ್ತುಹೋದ ಒಂದು ತೂತು ಇತ್ತು. ಅದರಿಂದ ಗಾಳಿ ಬರುತ್ತಿತ್ತೆಂದು ನಾನು ಪ್ರಮಾಣ ಮಾಡಿ ಹೇಳಲಾರೆ. ನನ್ನ ಕೆನ್ನೆಗೆ ಏನೂ ತಾಗಲಿಲ್ಲ.

ನಾನು ಬೆಳಗಾವಿಗೆ ಹೊರಟ ದಿನ ಅವನು ದಾಂಡೇಲಿಯ ಬಸ್ ಸ್ಟ್ಯಾಂಡಿಗೆ ಬಂದಿದ್ದ. ಅವನಿಗಾಗಿ ಕಾದಿದ್ದ ಜಾಗಕ್ಕೆ ಬೇರೆಯವನು ಬಂದಿದ್ದ. ಅಲ್ಲಿ ಮಳೆಗಾಲದಲ್ಲೂ ಪಗಾರ ಇದೆಯೇ ಎಂದು ಕೇಳಿದ. ಇದೆ ಎಂದೆ. "ಹಂಗಾದ್ರ ಇನ್ನ ನೀನೂ ಮಳಿ ಬರಲಿ ಅನ್ನಬಹುದು" ಎಂದು ನಕ್ಕು ನನ್ನ ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟ. ಎಲೆ ಒಣಗಿದಾಗ ಅವನು ಮತ್ತೆ ಕಾಡಿಗೆ ಹೋದ. ಬೇರೆ ಏನು ಮಾಡಬಹುದಿತ್ತು? ಆ ಬೇಸಿಗೆಯಲ್ಲೇ, ಕೆನ್ನೆಗೆ ತಾಗಲು ಗಾಳಿಯೇ ಇಲ್ಲದ ದಿನ, ಮರ ಬಿದ್ದದ್ದು.

ಮಣ್ಣಿಗೆ ಹೋಗಲು ನನಗೆ ರಜೆ ಸಿಗಲಿಲ್ಲ. ಸಿಕ್ಕಾಗ ಹೋದೆ. ವೈನಿ ಚಾಪೆ ಹಾಸಿದಳು. ಅವಳ ತಾಯಿ, ಅಂದು ನನ್ನ ಮೇಲೆ ಕೊಡ ಸುರಿದಿದ್ದ ಅವನ ಅತ್ತೆ, ಗೋಡೆಗೆ ಒರಗಿ ಕೂತಿದ್ದಳು, ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡಳು.  ಚಹಾ ಆದ ಮೇಲೆ ವೈನಿ ಕೇಳಿದಳು.

"ಅವತ್ತ ಪರೀಕ್ಷಿಯಾಗ ಗಾಳಿ ಸಿಕ್ಕಿತ್ತು, ಹೊಂಟಿದ್ದೆ, ಅಷ್ಟರಾಗ ಎಳದ್ರು ಅಂತ ಹೇಳ್ತಿದ್ದ. ಖರೇನೋ, ನನ್ನ ಸಮಾಧಾನಕ್ಕ ಹೇಳಿದ್ನೋ ಗೊತ್ತಿಲ್ಲ. ಹಗ್ಗ ನಿನ್ನ ಕೈಯಾಗ ಇತ್ತಲ್ಲ ತಮ್ಮಾ. ನಿನಗೇನಾರ ತಿಳೀತೇನು?"

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಎರಡು ಸಲ ಕೇಳಿದೆ, ಉತ್ತರ ಬರಲಿಲ್ಲ. ಎಳೆಯಿರಿ ಎನ್ನುವ ಮೊದಲು ಹಗ್ಗ ಒಂದು ಬೆರಳಿನಷ್ಟು ಜರುಗಿತು.

"ಯಾ ಕಡೆ? ಒಳಗೋ, ಹೊರಗೋ?"

"ಒಳಗ, ವೈನಿ."

 "ಹಂಗಾದ್ರ ಹೊಂಟಿದ್ದ" ಎಂದಳು. "ಬೊಂಬಿ ಕಡೆ ಹೊಂಟಿದ್ದ." ಆಮೇಲೆ ತಾಯಿಯ ಕಡೆ ತಿರುಗಿ ಅದನ್ನೇ ಕೊಂಕಣಿಯಲ್ಲಿ, ಒಂದೊಂದೇ ಮಾತಾಗಿ ಹೇಳಿದಳು. ಮುದುಕಿ ಪೂರ್ತಿ ಕೇಳಿಸಿಕೊಂಡು, ನನ್ನ ಕಡೆ ನೋಡಿ, ಹೌದೆಂಬಂತೆ ತಲೆಯಾಡಿಸಿದಳು.

ನಿಂತವನು ಉಸಿರು ಕಟ್ಟಿ ಕುಸಿಯತೊಡಗಿದರೂ ಹಗ್ಗ ಒಳಕ್ಕೇ ಜರುಗುತ್ತದೆ. ನಾನು ಅದನ್ನು ಹೇಳಲಿಲ್ಲ.